ಗೋಣೆಪ್ಪನವರ ಒಂಬತ್ತುಗಳು

ಗೋಣೆಪ್ಪನವರ ಖಾಕಿ ಪ್ಯಾಂಟಿನ ಬಲಮಂಡಿಗೆ ಯಾವಾಗಲೂ ಒಂದು ತೇಪೆ; ಎಡಮಂಡಿ ಮಾತ್ರ ಅಂಗಡಿಯಿಂದ ತಂದ ದಿನದಂತೆಯೇ. ಕಾಲುವೆಯ ಲಸ್ಕರನ ಕೆಲಸವೆಂದರೆ ತೂಬಿನ ಬಾಗಿಲು ಏರಿಸುವುದು, ಇಳಿಸುವುದು, ಗೋಡೆಯ ಅಳತೆ ಪಟ್ಟಿಯ ಮೇಲೆ ನೀರು ಎಲ್ಲಿಗೆ ನಿಂತಿದೆಯೆಂದು ನೋಡಿ ಬರೆದುಕೊಳ್ಳುವುದು. ಉಳಿದವರು ಸೈಕಲ್ಲಿನ ಮೇಲೆ ಕೂತೇ ಒಂದು ಕಾಲನ್ನು ಏರಿಗೆ ಊರಿ, ಕತ್ತು ಚಾಚಿ ಓದಿ ಮುಂದೆ ಹೋಗುತ್ತಿದ್ದರು. ಇವರು ಸೈಕಲ್ಲನ್ನು ಜಾಲಿಮರಕ್ಕೆ ಆನಿಸಿ, ಚಪ್ಪಲಿ ಬಿಟ್ಟು, ಮೆಟ್ಟಿಲಿಳಿದು, ಬಲಮಂಡಿಯೂರಿ, ಕಣ್ಣು ನೀರಿನ ಮಟ್ಟಕ್ಕೆ ಸಮನಾಗಿ ಬರುವ ತನಕ ಬಾಗಿ, ಅಲೆ ಅಡಗುವ ತನಕ ಉಸಿರು ಬಿಗಿಹಿಡಿದು, ಆಮೇಲೆ ಓದುತ್ತಿದ್ದರು. ನಿಂತು ನೋಡಿದರೆ ಒಂದು ಬೆರಳಿನಷ್ಟು ಹೆಚ್ಚು ಕಾಣುತ್ತದೆಂಬುದು ಅವರ ಅನುಭವ. "ಆ ಒಂದು ಬಳ್ಳು ಅಂದ್ರ ಕೊನೀ ಹೊಲದವರ ಒಂದು ಮಡಿ" ಎನ್ನುತ್ತಿದ್ದರು.

ನವಲಿ ಕಡೆಯ ಆ ಉಪಕಾಲುವೆಗೆ ಏಳು ತೂಬು. ದಿನಕ್ಕೆ ಮೂರು ಸಲ, ಇಪ್ಪತ್ತೆರಡು ವರ್ಷ, ಏಳೂ ತೂಬಿನ ಮುಂದೆ ಆ ಮಂಡಿ ಊರಿದೆ. ಮೈಮೇಲೆ ಎರಡು ಅಳತೆ ದೊಡ್ಡದಾದ ಖಾಕಿ ಕೋಟು. ಅದರ ಒಳಗೆ ಲೆಕ್ಕದ ಪುಸ್ತಕದ ಅಳತೆಗೆ ತಾವೇ ಹೊಲಿದ ಕಿಸೆ. ಪುಸ್ತಕದ ಭಾರಕ್ಕೆ ಎಡಭುಜ ತುಸು ಇಳಿದು, ನಡೆಯುವಾಗ ಯಾರದೋ ಮಾತಿಗೆ ಕಿವಿಗೊಟ್ಟವರಂತೆ ಕಾಣುತ್ತಿದ್ದರು. ಹೆಜ್ಜೆಗಳನ್ನು ಎಣಿಸುತ್ತಲೇ ನಡೆಯುವವರಾದ್ದರಿಂದ ನಡುವೆ ಮಾತಾಡಿಸಿದರೆ ಉತ್ತರ ಬರುತ್ತಿರಲಿಲ್ಲ. ನಿಂತ ಮೇಲೆ, ಯಾರೇ ಏನೇ ಸುದ್ದಿ ಹೇಳಲಿ, ಅವರ ಬಾಯಿಂದ ಬರುವ ಮೊದಲ ಮಾತು ಒಂದೇ: "ಕಣ್ಣಿಲೆ ನೋಡೀರೇನ್ರಿ?"

ನೀರಾವರಿ ಇಲಾಖೆಯವರು ಕೇಳುತ್ತಿದ್ದದ್ದು ಒಂದನೇ ತೂಬಿನ ಲೆಕ್ಕ ಮಾತ್ರ. ಏಳರದ್ದನ್ನೂ ಬರೆಯಬೇಕೆಂದು ಇವರಿಗೆ ಯಾರೂ ಹೇಳಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ; ಬರೆದರು. ಚೌಕದ ಗೆರೆಯಿದ್ದ ಪುಸ್ತಕ. ಒಂದು ಸಾಲಿಗೆ ಮೂವತ್ತು ಚೌಕ, ಒಂದು ಚೌಕಕ್ಕೆ ಒಂದೇ ಅಂಕಿ, ಯಾವ ಚೌಕವೂ ಖಾಲಿ ಇರಕೂಡದು. ತಾರೀಖು, ಹೊತ್ತು, ತೂಬು, ನೀರಿನ ಆಳ, ಬಾಗಿಲ ಎತ್ತರ ಎಲ್ಲವೂ ಅಂಕಿಯಲ್ಲೇ. ಮಳೆ ಬಂದರೆ ಒಂದು, ಪಾಚಿ ಕಟ್ಟಿದರೆ ಎರಡು, ದನ ಇಳಿದು ಕದಡಿದರೆ ಮೂರು. ನೀರು ನಿಲ್ಲಿಸಿ ಕಾಲುವೆಯ ತಳ ಬಿರಿದ ಬೇಸಿಗೆಯಲ್ಲೂ ಹೋಗಿ, ಒಣಗಿದ ತೂಬಿನ ಮುಂದೆ ಮಂಡಿಯೂರಿ, ನೋಡಿ, ಸೊನ್ನೆ ಸೊನ್ನೆ ಸೊನ್ನೆ ಎಂದು ಬರೆದು ಬರುತ್ತಿದ್ದರು.

ಊರಿನವರಿಗೆ ಅದೊಂದು ನಗೆಪಾಟಲು. ಏಳನೇ ತೂಬಿನ ಕೆಳಗೆ ಎರಡೆಕರೆ ಗದ್ದೆ ಮಾಡುವ ಶಿವಲಿಂಗಮ್ಮ ಒಮ್ಮೆ ದಾರಿಗಡ್ಡ ನಿಂತು ಕೇಳಿಯೇಬಿಟ್ಟಳು: "ಒಣ ಕಾಲುವಿಗೆ ಮಂಡಿ ಊರ್ತೀಯಲ್ಲೋ ಗೋಣೆಪ್ಪಣ್ಣ, ಅದೇನು ನಿನಗ ವರಾ ಕೊಡತೈತೇನು?"

"ನೀರು ಇಲ್ಲ ಅಂತ ನೋಡಿ ಬಂದೆ ತಂಗಿ."

"ಇಲ್ಲ ಅನ್ನೂದು ಇಲ್ಲಿಂದನ ಕಾಣತೈತಿ!"

"ಇಲ್ಲ ಅನ್ನೂದು ಬ್ಯಾರೆ, ನೋಡಿಲ್ಲ ಅನ್ನೂದು ಬ್ಯಾರೆ" ಎಂದು ಸೈಕಲ್ ಹತ್ತಿದರು. ನೋಡಿ ಇಲ್ಲವೆಂದು ಕಂಡದ್ದಕ್ಕೆ ಸೊನ್ನೆ. ಏನೋ ಕಾರಣಕ್ಕೆ ನೋಡಲಾಗದಿದ್ದರೆ ಅಳತೆಯ ಚೌಕಗಳಿಗೆಲ್ಲ ಒಂಬತ್ತು. ಸಾಲನ್ನು ಮಾತ್ರ ಬಿಡುತ್ತಿರಲಿಲ್ಲ. ಅಂಥ ಒಂಬತ್ತುಗಳು ಇಪ್ಪತ್ತೆರಡು ವರ್ಷದಲ್ಲಿ ತೀರ ಕಡಿಮೆ.

ನಿವೃತ್ತಿಯ ಮರುವರ್ಷ ಪುಸ್ತಕಗಳ ಪೆಟ್ಟಿಗೆಗೆ ಗೆದ್ದಲು ಹತ್ತಿತು. ಗಂಗಾವತಿಯ ಬಸ್ ನಿಲ್ದಾಣದ ಹಿಂದೆ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ನಡೆಸುತ್ತಿದ್ದ ಸೊಸೆ ಭವಾನಿ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವನ್ನೆಲ್ಲ ಕಂಪ್ಯೂಟರಿಗೆ ಹೊಡೆಯತೊಡಗಿದಳು. ಹೆಚ್ಚಿನದೇನೂ ಇಲ್ಲದ ಬರೀ ಅಂಕಿಯ ಕಡತ. ಒಂದು ಸಾಲಿಗೆ ಒಂದು ಓದು. ಮಾವ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಸ್ಟೀಲಿನ ಅಳತೆಪಟ್ಟಿಯನ್ನು ಪರದೆಗೆ ಒತ್ತಿ, ಸಾಲುಗಳ ಬಲಗಡೆಯ ಅಂಚು ನೆಟ್ಟಗಿದೆಯೇ ಎಂದು ನೋಡುವರು. ಒಂದು ಸೊನ್ನೆ ಬಿಟ್ಟರೂ ಅಂಚು ಒಳಗೆ ಸರಿಯುವುದು, ಅವರ ಗಂಟಲು ಕೆಮ್ಮುವುದು. ಎರಡು ವರ್ಷ ಹಿಡಿಯಿತು. ಮುಗಿದಾಗ ಸಾಲುಗಳು ಒಂದು ಲಕ್ಷ ಅರವತ್ತೆಂಟು ಸಾವಿರ ಚಿಲ್ಲರೆ. ಭವಾನಿ ತಾನೇ ಕಲಿತು ಕಂಪ್ಯೂಟರಿಗೆ ನಾಲ್ಕು ಸಾಲಿನ ಆಜ್ಞೆಗಳ ಸ್ಕ್ರಿಪ್ಟ್ ಬರೆದು, ಆ ಕಡತವನ್ನು ಪರದೆಯ ಮೇಲೆ ತೋರಿಸುವ ಪುಟ್ಟ ಕಿಟಕಿಯೊಂದನ್ನೂ ಮಾಡಿದಳು.

ಆ ಕಿಟಕಿಗೆ ಇಡೀ ಊರಿನ ಜೀವ ತೂಗುಬೀಳುವ ದಿನ ಬರುತ್ತದೆಂದು ಆಗ ಯಾರೂ ಎಣಿಸಿರಲಿಲ್ಲ.

ಈ ವರ್ಷ ಎರಡನೇ ಬೆಳೆಗೆ ಅಣೆಕಟ್ಟಿನ ನೀರು ಕಡಿಮೆ. ನೀರು ಬಳಕೆದಾರರ ಸಂಘದ ಅಧ್ಯಕ್ಷ ಹಂಪಣ್ಣ, ಒಂದನೇ ತೂಬಿನ ಕೆಳಗೆ ಮೂವತ್ತೆಕರೆ ಉಳ್ಳವರು, ಸಭೆಯಲ್ಲಿ ಎದ್ದು ನಿಂತು, ಬೇಸಿಗೆ ಬೆಳೆಯಲ್ಲಿ ಏಳನೇ ತೂಬಿಗೆ ನೀರು ಯಾವತ್ತೂ ಮುಟ್ಟಿಲ್ಲ, ದಾರಿಯಲ್ಲೇ ಇಂಗುತ್ತದೆ, ಆದ್ದರಿಂದ ಅದರ ಪಾಳಿ ತೆಗೆದು ಮೇಲಿನವರಿಗೆ ಹಂಚಬೇಕೆಂದು ಠರಾವು ಮಂಡಿಸಿದರು. ಏಳನೇ ತೂಬಿನ ಕೆಳಗೆ ಕೊನೆಯ ಹೊಲದವರ ಸಸಿಮಡಿಗಳು ಗೇಣುದ್ದ ಎದ್ದಿದ್ದವು. ಹತ್ತು ದಿನದಲ್ಲಿ ನೀರು ಬರದಿದ್ದರೆ ಕಿತ್ತು ದನಕ್ಕೆ ಹಾಕುವುದೇ. ಗೋಣೆಪ್ಪನವರು ಕೋಟಿನ ಗುಂಡಿ ಹಾಕಿಕೊಂಡು ಎದ್ದರು. "ಮುಟ್ಟೈತ್ರಿ. ಪ್ರತಿ ವರ್ಷ ಮುಟ್ಟೈತಿ. ತೋರಸ್ತೀನಿ."

ಸಭೆಗೆ ಬಂದಿದ್ದ ಇಲಾಖೆಯ ಇಂಜಿನಿಯರ್ ಸಾಹೇಬರು ತಾರೀಖೊಂದನ್ನು ಕೇಳಿದರು. ಭವಾನಿ ಲ್ಯಾಪ್‌ಟಾಪ್ ತೆರೆದು ಕಿಟಕಿ ಎಬ್ಬಿಸಿದಳು. ಕಿಟಕಿ ಬೆಳ್ಳಗಾಯಿತು. ನಡುವೆ ಒಂದು ಸಣ್ಣ ಚಕ್ರ ತಿರುಗತೊಡಗಿತು. ಐದು ನಿಮಿಷ ತಿರುಗಿತು, ಹತ್ತು ನಿಮಿಷ ತಿರುಗಿತು. ಚಹಾ ಬಂದು, ಕುಡಿದು, ಬಟ್ಟಲು ವಾಪಸು ಹೋದವು; ಚಕ್ರ ತಿರುಗುತ್ತಲೇ ಇತ್ತು.

"ಇದೂ ಮಂಡಿ ಊರಿ ನೋಡಾಕತ್ತೈತಿ ಕಾಣತೈತಿ!" ಎಂದರು ಹಂಪಣ್ಣ. ಸಭೆಯೆಲ್ಲ ಗೊಳ್ಳೆಂದಿತು.

ಸಾಹೇಬರು ಕರುಣೆಯಿಂದಲೋ ಬೇಸರದಿಂದಲೋ ಗುರುವಾರಕ್ಕೆ ಮುಂದೂಡಿದರು: ಅಂದು ತೋರಿಸಬೇಕು, ಇಲ್ಲವಾದರೆ ಠರಾವು ಆಗುತ್ತದೆ.

ಮರುದಿನ ಮಧ್ಯಾಹ್ನ, ರೈಸ್ ಮಿಲ್ಲುಗಳ ತೌಡಿನ ವಾಸನೆ ಹೊತ್ತ ಬಿಸಿಗಾಳಿ ಬೀಸುತ್ತಿದ್ದಾಗ, ಅಂಗಡಿಯಲ್ಲಿ ಭವಾನಿ ಕಣ್ಣೊರೆಸಿಕೊಳ್ಳುತ್ತ ಕೂತಿದ್ದಳು. ಮಾವ ಸ್ಟೂಲ್ ಎಳೆದುಕೊಂಡರು.

"ಅದು ಒಳಗ ಏನ್ ಮಾಡತೈತಿ, ಹೇಳವ್ವಾ."

"ಮೊದಲನೇ ಸಾಲಿನಿಂದ ಹಿಡದು ಒಂದೊಂದ ಓದತೈತ್ರಿ ಮಾವಾರ. ಓದಿದ್ದನ್ನ ಕಿಟಕಿಗೆ ಅಂಟಸತೈತಿ. ಅಂಟಿಸಿದಾಗೆಲ್ಲ ಕಿಟಕಿ ಹೊಸದಾಗಿ ಬರೀತೈತಿ. ಎಲ್ಲಾ ಮುಗದ ಮ್ಯಾಲ ನಮಗ ಬೇಕಾದ ದಿನ ಹುಡುಕತೈತಿ."

"ಕಿಟಕಿಯೊಳಗ ಎಷ್ಟು ಸಾಲು ಕಾಣತಾವು?"

"ಇಪ್ಪತ್ತು, ಇಪ್ಪತ್ತೈದು."

ಗೋಣೆಪ್ಪನವರು ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಸರಿಸಿದರು. ಆಮೇಲೆ ಕೇಳಿದರು: "ಏಳನೇ ತೂಬು ನೋಡಾಕ ಹೋಗೂವಾಗ ನಾ ಹಿಂದಿನ ಆರಕ್ಕೂ ಮಂಡಿ ಊರ್ಕೋತ ಹೋಗಬೇಕೇನು? ಹೆಜ್ಜಿ ಎಣಸಿ ಸೀದಾ ಹೋಗ್ತೀನಿ. ದಿನಕ್ಕ ಇಪ್ಪತ್ತೊಂದು ಸಾಲು, ಸಾಲಿಗೆ ಮೂವತ್ತು ಚೌಕ. ಒಂದರಾಗೂ ಹೆಚ್ಚುಕಡಿಮಿ ಇಲ್ಲ. ಎಷ್ಟು ಹೆಜ್ಜಿಗೆ ಯಾವ ದಿನ ಅಂತ ಅದಕ್ಕ ಹೇಳಾಕ ಬರೂದಿಲ್ಲೇನು?"

ಭವಾನಿ ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಹೇಳಲು ಬರುತ್ತದೆ. ಇಷ್ಟನೆಯ ಅಕ್ಷರಕ್ಕೆ ನೇರವಾಗಿ ಜಿಗಿ, ಅಲ್ಲಿಂದ ಇಪ್ಪತ್ತೊಂದು ಸಾಲು ಓದು, ತೋರಿಸು, ಸಾಕು ಎಂದರೆ ಯಂತ್ರ ಮರುಮಾತಿಲ್ಲದೆ ಕೇಳುತ್ತದೆ. ಬೇರೆಯವರ ಕಡತಗಳಲ್ಲಿ ಸಾಲುಗಳು ಉದ್ದಗಿಡ್ಡ ಇರುವುದರಿಂದ ಯಾವ ಸಾಲು ಎಲ್ಲಿದೆಯೆಂದು ತಿಳಿಯಲು ಮೊದಲಿಂದ ಓದಲೇಬೇಕು. ಇಲ್ಲಿ ಗುಣಾಕಾರ ಸಾಕು. ಎರಡು ವರ್ಷ ಪರದೆಗೆ ಒತ್ತಿದ ಆ ಸ್ಟೀಲ್ ಪಟ್ಟಿಗೆ ಅವಳು ಒಳಗೊಳಗೇ ಶಾಪ ಹಾಕಿದ್ದಳು. ಈಗ ಅದನ್ನೆತ್ತಿ ಕಣ್ಣಿಗೊತ್ತಿಕೊಂಡಳು.

ಬರೆದು ನೋಡಿದಾಗ ಮೊದಲ ದಿನ ಸರಿಯಾಗಿ ಬಂತು. ಎರಡನೆಯ ದಿನ ಜಾರಿತ್ತು: ಕಿಟಕಿಯ ನೆತ್ತಿಯಲ್ಲಿ ಹಿಂದಿನ ದಿನದ ಕೊನೆಯ ಸಾಲಿನ ಬಾಲ ತೂಗುತ್ತಿತ್ತು. "ಪ್ರತಿ ಸಾಲಿನ ಕೊನಿಗೆ ಕಾಣದ ಅಕ್ಷರ ಒಂದಿರತೈತ್ರಿ, ಅದನ್ನೂ ಲೆಕ್ಕಕ್ಕ ಹಿಡದೇನಿ" ಎಂದು ಭವಾನಿ ಅಳುಮೋರೆ ಮಾಡಿದಳು. ಗೋಣೆಪ್ಪನವರು ಬೆರಳಿಟ್ಟು ಆ ಬಾಲವನ್ನು ಎಣಿಸಿದರು. ಸಾಲಿಗೊಂದು ಹೆಜ್ಜೆ ತಪ್ಪಿದ್ದರೆ ದಿನಕ್ಕೆ ಇಪ್ಪತ್ತೊಂದು ತಪ್ಪಬೇಕು.

"ಕಾಣೂವು ಹತ್ತೊಂಬತ್ತು. ನೀ ಹೇಳಿದ ಕಾಣದ್ದು ಒಂದು. ಇಪ್ಪತ್ತಾತು. ಇನ್ನೊಂದು ಎಲ್ಲೋ ಅಡಗಿ ಕುಂತೈತಿ, ನೋಡವ್ವಾ."

ಅಡಗಿತ್ತು. ಆ ಯಂತ್ರದಲ್ಲಿ ಸಾಲಿನ ಕೊನೆಗೆ ಕಾಣದ ಅಕ್ಷರ ಒಂದಲ್ಲ, ಎರಡು. ಸಾಲಿನ ಉದ್ದ ಮೂವತ್ತೊಂದು ಹೋಗಿ ಮೂವತ್ತೆರಡಾಯಿತು. ಕಿಟಕಿ ನೆಟ್ಟಗೆ ನಿಂತಿತು.

ಗುರುವಾರದ ಸಭೆಗೆ ಇಡೀ ಕೊನೆಯ ಹೊಲದವರು ಬಂದು ಗೋಡೆಗೆ ಆತು ನಿಂತಿದ್ದರು. ಸಾಹೇಬರು ಇಲಾಖೆಯ ಹಳೆಯ ಪುಸ್ತಕ ತರಿಸಿ, ಎಂಟು ವರ್ಷದ ಹಿಂದಿನ ಫೆಬ್ರವರಿಯ ತಾರೀಖೊಂದನ್ನು ಕೇಳಿದರು. ಭವಾನಿ ಹೊಡೆದಳು, ಬೆರಳು ಕೀಲಿಯಿಂದ ಏಳುವ ಮೊದಲೇ ಆ ದಿನ ಎದುರಿಗಿತ್ತು. ಒಂದನೇ ತೂಬು, ಮುಂಜಾನೆ, ನೀರಿನ ಆಳ ನೂರ ನಲವತ್ತೆರಡು ಸೆಂಟಿಮೀಟರ್. ಇಲಾಖೆಯ ಪುಸ್ತಕದಲ್ಲಿ ನೂರ ನಲವತ್ತೆರಡು. ಏಳನೇ ತೂಬು, ಅದೇ ಮುಂಜಾನೆ, ಮೂವತ್ತೆಂಟು. ಮತ್ತೊಂದು ವರ್ಷ, ಮತ್ತೊಂದು. ಐದು ತಾರೀಖು ಕೇಳಿದರು, ಐದೂ ಸರಿಹೋದವು, ಐದರಲ್ಲೂ ಏಳನೇ ತೂಬಿನಲ್ಲಿ ನೀರಿತ್ತು.

ಹಂಪಣ್ಣ ಸುಮ್ಮನೆ ಬಿಡುವವರಲ್ಲ. "ಒಂದನೇದು ಆಫೀಸಿನಾಗಿಂದು ನೋಡಿ ಬರದಾರ, ಏಳನೇದು ಮನಿಯಾಗ ಕುಂತು ಬರದಾರ. ನಾಕನೇ ತೂಬಿನ ಹತ್ರ ಏರಿ ಒಡದ ದಿನ ತಗೀರಿ. ಅವತ್ತ ಕೆಳಗ ಒಂದು ಹನಿ ಹೋಗಿಲ್ಲ, ಊರಿಗೆಲ್ಲಾ ಗೊತ್ತೈತಿ. ಇವರೇನು ಬರದಾರ ನೋಡೂಣು!" ಎಂದು ತಾರೀಖು ಹೇಳಿದರು.

ಭವಾನಿ ಹೊಡೆದಳು. ಕಿಟಕಿ ತುಂಬ ಒಂಬತ್ತು. ಮೇಲಿನಿಂದ ಕೆಳತನಕ, ಇಪ್ಪತ್ತೊಂದೂ ಸಾಲು, ತಾರೀಖು, ಹೊತ್ತು, ತೂಬು ಬಿಟ್ಟರೆ ಬರೀ ಒಂಬತ್ತು.

"ಏನಿದು?" ಎಂದರು ಸಾಹೇಬರು.

"ನೋಡಿಲ್ಲ ಅಂತ ಅರ್ಥರಿ."

"ಕಾಲುವಿ ಒಡದಿದ್ದು ನಿನಗ ಗೊತ್ತಿದ್ದಿಲ್ಲೇನು? ಸೊನ್ನಿ ಬರದ್ರ ಮುಗೀತಿತ್ತಲ್ಲ!" ಹಂಪಣ್ಣನ ದನಿ ಏರಿತು.

"ಕೇಳಿದ್ದೆ. ಕಂಡಿದ್ದಿಲ್ಲ." ಗೋಣೆಪ್ಪನವರು ಕೋಟಿನ ಕಿಸೆಯ ಮೇಲೆ ಅಂಗೈ ಇಟ್ಟುಕೊಂಡರು. "ಅವತ್ತ ನನ್ನ ಹೆಂಡತಿ ಪಾರಮ್ಮ ತೀರ್ಕೊಂಡ್ಲು. ನೀವೂ ಮಣ್ಣಿಗೆ ಬಂದಿದ್ರಲ್ಲರಿ ಹಂಪಣ್ಣಾರ."

ಆ ಒಂಬತ್ತುಗಳನ್ನು ತನ್ನ ಕೈಯಾರೆ ಹೊಡೆದ ಭವಾನಿಗೂ ಅದು ಅತ್ತೆ ತೀರಿಹೋದ ದಿನವೆಂದು ಹೊಳೆದದ್ದು ಆಗಲೇ. ಮತ್ತೂ ಒಂದು ಹೊಳೆಯಿತು ಅವಳಿಗೆ: ಆ ದುಃಖದ ದಿನ ಪುಸ್ತಕ ತೆಗೆಯದೆ ಬಿಟ್ಟಿದ್ದರೆ, ಇಪ್ಪತ್ತೊಂದು ಸಾಲು ಕಡಿಮೆಯಾಗಿ, ಮುಂದಿನ ದಿನಗಳೆಲ್ಲ ತಮ್ಮ ಜಾಗ ತಪ್ಪಿ, ಕಿಟಕಿ ಈ ಹೊತ್ತು ಕೇಳಿದ ದಿನದ ಬದಲು ಇನ್ನಾವುದನ್ನೋ ತೋರಿಸುತ್ತಿತ್ತು.

ಹಂಪಣ್ಣ ಟವೆಲಿನಿಂದ ಮುಖ ಒರೆಸಿಕೊಂಡರು. "ಬಂದಿದ್ದೆ" ಎಂದರು. ಆಮೇಲೆ, "ಬರಕೊಳ್ರಿ ಸಾಹೇಬ್ರ, ಏಳನೇ ತೂಬಿನ ಪಾಳಿ ಮೊದಲಿನಂಗ ಇರ್ಲಿ" ಎಂದು ತಾವೇ ಹೇಳಿ ಕೂತರು. ಗೋಡೆಗೆ ಆತು ನಿಂತವರು ಹಾಕಿದ ಕೇಕೆಗೆ ಹೊರಗೆ ಮಲಗಿದ್ದ ನಾಯಿ ಎದ್ದು ಓಡಿತು. "ಒಣ ಕಾಲುವಿ ವರಾ ಕೊಡ್ತಲ್ಲೋ ಯಣ್ಣಾ!" ಎಂದು ಶಿವಲಿಂಗಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕುಣಿದೇ ಕುಣಿದಳು.

ಪಾಳಿಯ ಮುಂಜಾನೆ ಅವಳೇ ಏರಿಯುದ್ದಕ್ಕೂ ಓಡುತ್ತ ಬಂದಳು. "ನೀರು ಬಂತು! ಏಳಕ್ಕ ನೀರು ಬಂತು!" ಗೋಣೆಪ್ಪನವರು ಸೈಕಲ್ಲಿಗೆ ಆತು ನಿಂತಿದ್ದರು.

"ಕಣ್ಣಿಲೆ ನೋಡೀಯೇನು ತಂಗಿ?"

"ಕಾಲಿಲೆ ತುಳದು ಬಂದೇನಿ, ನೋಡಿಲ್ಲಿ!" ಎಂದು ಒದ್ದೆ ಸೀರೆಯಂಚು ಎತ್ತಿ ತೋರಿಸಿದಳು.

ಅವರು ನಕ್ಕರು. ಆದರೂ ಹೋದರು. ನಿವೃತ್ತರಾಗಿ ಮೂರು ವರ್ಷವಾದ ಮೇಲೂ ಚಪ್ಪಲಿ ಬಿಟ್ಟು, ಮೆಟ್ಟಿಲಿಳಿದು, ಬಲಮಂಡಿಯೂರಿ, ಅಲೆ ಅಡಗುವ ತನಕ ಕಾದು ಓದಿದರು: ಮೂವತ್ತೊಂಬತ್ತು.

ಲೋಕದಲ್ಲಿ ತಿಳಿದದ್ದನ್ನು ಬರೆದಿಡುವವರು ಬಹಳ. ತಿಳಿಯದ್ದಕ್ಕೂ ಅಷ್ಟೇ ಉದ್ದದ ಜಾಗ ಬಿಟ್ಟು, ಅದರಲ್ಲಿ ಸುಳ್ಳು ತುಂಬದೆ ಮುಂದೆ ನಡೆಯುವವರು ಕೆಲವರೇ. ಬದುಕಿರುವಷ್ಟು ಕಾಲ ಅಂಥವರ ನಿಧಾನಕ್ಕೆ ನಾವು ನಗುತ್ತೇವೆ. ಆಮೇಲೊಂದು ದಿನ ನಮ್ಮ ಬದುಕೇ ಕೇಳುವ ತಾರೀಖೊಂದು ಎದುರಾದಾಗ, ಎಲ್ಲಿಯೂ ತಡಕಾಡದೆ ನೇರವಾಗಿ ಅಲ್ಲಿಗೆ ಹೋಗಿ ನಿಲ್ಲುತ್ತೇವೆ; ದಾರಿಯುದ್ದಕ್ಕೂ ಹೆಜ್ಜೆಗಳನ್ನು ಅವರು ಮೊದಲೇ ಎಣಿಸಿ ಇಟ್ಟಿರುತ್ತಾರೆ.