ಎರವಲು ಗರಿಕೆ

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ. ಹಲ್ಲುಜ್ಜುತ್ತಿದ್ದಾಗ ಕೆಳಗೆ ಗುದ್ದಲಿಯ ಸದ್ದು ಕೇಳಿಸಿತು.

ಬಾಲ್ಕನಿಗೆ ಬಂದೆ. ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಇಬ್ಬರು ಆಳುಗಳು ಗರಿಕೆ ಅಗೆಯುತ್ತಿದ್ದರು. ಗೇಟಿನ ಪಕ್ಕದ ಒಂದು ಪಟ್ಟಿ ಆಗಲೇ ಬರಿ ಮಣ್ಣಾಗಿತ್ತು. ಹೊರಗೆ ನಿಂತ ಟೆಂಪೋದಲ್ಲಿ ಚಾಪೆಯಂತೆ ಸುತ್ತಿಟ್ಟ ಹಸಿರು ಹುಲ್ಲು.

ಬಾಯಿ ಮುಕ್ಕಳಿಸಿ ಇಳಿದೆ.

ಹೋದ ವರ್ಷ ಬೋರ್‌ವೆಲ್ ಬತ್ತಿದಾಗ ಇಲ್ಲಿದ್ದ ಹಳೆಯ ಲಾನ್ ತೆಗೆಸಿದ್ದು ನನ್ನ ಗಂಡ ಭಾರ್ಗವ. ಪ್ರತಿ ಮನೆಯ ಬೆಲ್ ಒತ್ತಿ ಎಲ್ಲರನ್ನೂ ಒಪ್ಪಿಸಿದ್ದ. ಗಿಡ ಆರಿಸಿದವಳು ನಾನು. ತೋಟಗಾರಿಕೆ ಓದಿದವಳು. ಗೋಡೆಯುದ್ದಕ್ಕೂ ಕಣಗಿಲೆ, ನಂದಿಬಟ್ಟಲು, ಕಾಗದದ ಹೂವು. ಬಿಸಿಲು ಸುಡುವ ಮೂಲೆಗೆ ಲೋಳೆಸರ. ಮಕ್ಕಳು ಆಡುವ ಕಡೆ ಮಾತ್ರ ಹುಲ್ಲು, ಅದೂ ಗರಿಕೆ. ಅವನು ಸತ್ತ ಮೇಲೆ ಅದಕ್ಕೆ ಯಾರೂ ನೀರು ಬಿಟ್ಟಿರಲಿಲ್ಲ. ಏಪ್ರಿಲ್ ಬಿಸಿಲಿಗೆ ಅಂಗಳ ಪೂರ್ತಿ ಕಂದು ಬಣ್ಣಕ್ಕೆ ತಿರುಗಿತ್ತು.

ಸಂಘದ ಅಧ್ಯಕ್ಷ ರಾಮಪ್ರಸಾದ ಅಂಕಲ್ ನನ್ನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದರು.

"ಅಯ್ಯೋ, ನೀನ್ಯಾಕಮ್ಮ ಬಂದೆ ಕೆಳಗೆ?"

"ಅಗೆಯೋದು ನಿಲ್ಲಿಸೋಕೆ ಹೇಳಿ ಅಂಕಲ್."

"ನೀನೇ ನೋಡು ತನ್ಮಯಿ, ಹುಲ್ಲು ಪೂರ್ತಿ..." ತಡವರಿಸಿದರು. "ಹೋಗ್ಬಿಟ್ಟಿದೆ."

"ಎಲ್ಲಿಗೆ?"

"ಅಂದ್ರೆ... ಇನ್ನಿಲ್ಲ ಅಂತ."

ಪಕ್ಕದಲ್ಲಿದ್ದ ಕಾರ್ಯದರ್ಶಿ ಮಧುಮತಿ ಆಂಟಿ ಅವರ ತೋಳು ಜಗ್ಗಿದರು. ಇಷ್ಟು ದಿನ ನನ್ನ ಮುಂದೆ 'ಸತ್ತ' ಎಂಬ ಪದವನ್ನು ಯಾರೂ ಆಡಿರಲಿಲ್ಲ. ಮನೆಗೆ ಬಂದವರೊಬ್ಬರು ತಮ್ಮ ಫೋನಿನ ಬ್ಯಾಟರಿ ಕೂಡ 'ಮಲಗಿದೆ' ಎಂದಿದ್ದರು.

"ಸತ್ತಿದೆ ಅನ್ನಿ ಅಂಕಲ್, ನಾನೇನೂ ಬಿದ್ದುಹೋಗಲ್ಲ. ಆದ್ರೆ ಇದು ಸತ್ತಿಲ್ಲ."

ಕುಕ್ಕರುಗಾಲಿನಲ್ಲಿ ಕೂತು ಒಂದು ಎಳೆ ಕಿತ್ತೆ. ಗೆಣ್ಣಿನ ಹತ್ತಿರ ಮುರಿದೆ. ಒಳಗೆ ಬೆಳ್ಳಗೆ, ತೇವವಾಗಿತ್ತು. ಮೇಲೆತ್ತಿ ತೋರಿಸಿದೆ. ಅವರು ನನ್ನ ಕೈ ನೋಡಲಿಲ್ಲ, ಹಣೆ ನೋಡಿ ಕಣ್ಣು ತಿರುಗಿಸಿದರು.

"ನಿನ್ನ ಸಂಕಟ ಅರ್ಥವಾಗತ್ತಮ್ಮ. ಒಂದ್ ಕೆಲ್ಸ ಮಾಡೋಣ. ಆ ಮೂಲೇಲಿ ಸ್ವಲ್ಪ ಹಂಗೇ ಬಿಡ್ತೀವಿ, ಭಾರ್ಗವನ ಹೆಸರಲ್ಲಿ. ಒಂದು ಸಣ್ಣ ಬೋರ್ಡೂ ಹಾಕಿಸ್ತೀನಿ."

ಆಳುಗಳು ಗುದ್ದಲಿ ಊರಿ ನಿಂತಿದ್ದರು. ಆ ಗಳಿಗೆಯಲ್ಲಿ ನಾನು ಅತ್ತಿದ್ದರೆ ಇಡೀ ಅಂಗಳ ಉಳಿಯುತ್ತಿತ್ತು. ಅಳು ಬರಲಿಲ್ಲ. ಬಂದಿದ್ದರೂ ಅದನ್ನು ಹೀಗೆ ಖರ್ಚು ಮಾಡುತ್ತಿರಲಿಲ್ಲ. ನಾನು ಆರಿಸಿದ್ದು ತಪ್ಪೋ ಸರಿಯೋ, ಅಷ್ಟೇ ಇಲ್ಲಿನ ಪ್ರಶ್ನೆ.

"ಬೋರ್ಡ್ ಬೇಡ. ಇದು ಸಮಾಧಿ ಅಲ್ಲ ಅಂಕಲ್, ಹುಲ್ಲು. ಬಿಸಿಲಿಗೆ ಎಲೆ ಒಣಗಿಸಿಕೊಂಡು ಕೂತಿದೆ. ಮಳೆ ಬಿದ್ರೆ ಏಳತ್ತೆ."

ಅವರ ದನಿ ಗಡುಸಾಯಿತು. "ಗರಿಕೆ ಗಣಪತಿಗೆ ಸರಿ ಕಣಮ್ಮ. ಲಾನ್ ಅಂದ್ರೆ ಬರ್ಮುಡಾ. ಮೀಟಿಂಗಲ್ಲಿ ಪಾಸ್ ಆಗಿದೆ. ಗರಿಕೆ ಬೇಡ, ಬರ್ಮುಡಾ ಬೇಕು ಅಂತ ಎಲ್ಲರೂ ಕೈ ಎತ್ತಿದಾರೆ. ಏಯ್, ಏನ್ರಯ್ಯಾ ನೋಡ್ತಿದೀರ? ಅಗೀರಿ."

ಒಬ್ಬ ಗುದ್ದಲಿ ಎತ್ತಿದ. ನಾನು ಅವನ ಮುಂದೆ ಹೋಗಿ ಗರಿಕೆಯ ಮೇಲೆ ನಿಂತೆ.

"ಅಕ್ಕಾ, ಜರುಗಿ. ಕಾಲಿಗೆ ಬೀಳ್ತದೆ."

"ಒಂದ್ನಿಮಿಷ ಇರಪ್ಪ. ಟೆಂಪೋದಿಂದ ಒಂದು ಚೂರು ಹುಲ್ಲು ತಂದುಕೊಡು."

ಅವನು ತಂದ ಬರ್ಮುಡಾವನ್ನೂ ನನ್ನ ಕೈಯಲ್ಲಿದ್ದ ಗರಿಕೆಯನ್ನೂ ರಾಮಪ್ರಸಾದರ ಅಂಗೈ ಮೇಲಿಟ್ಟೆ. ಅದೇ ಗೆಣ್ಣು, ಗೆಣ್ಣಿನಲ್ಲಿ ಅದೇ ಬೇರು. ಒಂದರ ಎಲೆ ಸ್ವಲ್ಪ ಸಣ್ಣ.

"ಬರ್ಮುಡಾ ಅಂದ್ರೆ ಗರಿಕೆಗೆ ಇಂಗ್ಲಿಷ್ ಹೆಸರು ಅಂಕಲ್."

ಅವರು ಟೆಂಪೋ ಪಕ್ಕ ನಿಂತಿದ್ದ ಹುಲ್ಲಿನ ಗುತ್ತಿಗೆದಾರ ದೇವರಾಜ್ ಕಡೆ ತಿರುಗಿದರು. "ಏನ್ರೀ ಇದು?"

"ಹೈಬ್ರಿಡ್ಡು ಸಾರ್. ಕುಲ ಅದೇ, ಸುಳ್ಳ್ ಯಾಕೆ ಹೇಳ್ಲಿ."

"ಮೊದ್ಲೇ ಯಾಕ್ರೀ ಹೇಳ್ಲಿಲ್ಲ?"

"ನೀವೆಲ್ಲಿ ಕೇಳಿದ್ರಿ ಸಾರ್? ಬರ್ಮುಡಾ ಅಂದ್ರಿ, ತಂದೆ."

"ಹಾಗಾದ್ರೆ ಚೌತಿಗೆ ಇದನ್ನೇ ಏರಿಸಬಹುದಾ?" ಎಂದರು ಮಧುಮತಿ ಆಂಟಿ. ನಿಜವಾಗಿಯೇ ಕೇಳಿದ್ದು. ಯಾರೂ ನಗಲಿಲ್ಲ.

ನಾನು ದೇವರಾಜ್‌ನನ್ನು ಕೇಳಿದೆ. "ಹಾಸಿದ ಮೇಲೆ ನೀರು ಎಷ್ಟು ಬೇಕು?"

"ಬೇರು ಹಿಡಿಯೋ ತನಕ ಬೆಳಗ್ಗೆ, ಸಂಜೆ ಎರಡೂ ಹೊತ್ತು ಮೇಡಂ. ಈ ಬಿಸಿಲಿಗೆ ಮಧ್ಯಾಹ್ನನೂ ಒಂದ್ಸಲ."

ಮಧುಮತಿ ಆಂಟಿಯ ಮುಖ ಬದಲಾಯಿತು. "ರಾಮಪ್ರಸಾದ್, ಸ್ನಾನಕ್ಕೆ ಬಕೆಟ್ ಹಿಡಿರಿ, ಶವರ್ ಬೇಡ ಅಂತ ಲಿಫ್ಟಲ್ಲಿ ನೋಟಿಸ್ ಅಂಟಿಸಿದೋರು ನೀವು. ಈಗ ಹುಲ್ಲಿಗೆ ಮೂರು ಹೊತ್ತು ಸ್ನಾನ ಮಾಡಿಸ್ತೀರಾ? ನಮ್ಮತ್ತೆ ಕೇಳಿದ್ರೆ ನಾನೇನು ಹೇಳ್ಲಿ?"

ರಾಮಪ್ರಸಾದರ ಕಿವಿ ಕೆಂಪಾಯಿತು. ಅಂಗೈಯ ಹುಲ್ಲನ್ನು ಬಿಸಾಡಲೂ ಆಗದೆ ಇಟ್ಟುಕೊಳ್ಳಲೂ ಆಗದೆ ನಿಂತರು.

"ಅಗೆದಿರೋ ಪಟ್ಟಿಗಷ್ಟೇ ಹೊಸದು ಹಾಕ್ರಿ," ಎಂದರು ಕೊನೆಗೆ. "ಮಿಕ್ಕಿದ್ದು ಮಳೆಗಾಲದ ತನಕ ಇರಲಿ. ಆಮೇಲೂ ಚಿಗುರದಿದ್ರೆ ತನ್ಮಯಿ, ನಿನ್ನನ್ನೇ ಕೇಳ್ತೀನಿ."

"ಕೇಳಿ. ಚಿಗುರದಿದ್ರೆ ನಾನೇ ಅಗೀತೀನಿ."

ಅವರು ಹೋದ ಮೇಲೆ ಗೇಟಿನ ಕಡೆ ನಡೆದೆ. ಅಗೆದು ತೆಗೆದ ಗರಿಕೆಯ ಹೆಂಟೆಗಳು ಗೇಟಿನ ಬಳಿ ರಾಶಿಯಾಗಿದ್ದವು, ಬೇರು ಮೇಲಾಗಿ. ಅವಕ್ಕಿಲ್ಲಿ ಜಾಗ ಉಳಿದಿರಲಿಲ್ಲ. ಸಂಜೆಯ ತನಕ ಹೀಗೇ ಬಿದ್ದಿದ್ದರೆ ಅವು ನಿಜಕ್ಕೂ ಸಾಯುತ್ತಿದ್ದವು.

ಕಾವಲುಗಾರ ಬೈರಣ್ಣ ಗೋಣಿಚೀಲ ಹಿಡಿದು ಬಂದ.

"ಮೇಡಂ, ಇದು ಇಟ್ಟಮಡುನಲ್ಲಿರೋ ನಮ್ಮ ಅತ್ತೆ ಮನೇದು. ಸಾರ್ ಎರವಲು ಅಂತ ತಂದಿದ್ರು."

"ಹುಲ್ಲು ಎರವಲಾ?"

"ನಮ್ಮ ಅತ್ತೆ ಹಂಗೇ. ಗರಿಕೆ ಮಾರಲ್ಲ, ಸುಮ್ನೇನೂ ಕೊಡಲ್ಲ. ಬೆಳೆಸ್ಕೊಂಡು ನಂದು ನಂಗೆ ತಂದ್ಕೊಡಬೇಕು ಅಂದಿದ್ರು. ಸಾರ್ ಹೂಂ ಅಂದಿದ್ರು."

ಭಾರ್ಗವ ಇದನ್ನು ನನಗೆ ಹೇಳಿರಲಿಲ್ಲ. ಕೇಳಲು ಅವನಿಲ್ಲ.

ಗೋಣಿ ಒದ್ದೆ ಮಾಡಲು ಮನೆಯಲ್ಲಿದ್ದ ಬಕೆಟ್ ನೀರು ತಂದೆ. ಹೆಂಟೆಗಳನ್ನು ಬೇರು ಒಳಗೆ ಮಾಡಿ ಸುತ್ತಿದೆವು. ಬೈರಣ್ಣ ಗೇಟು ಬಿಟ್ಟು ಬರುವಂತಿರಲಿಲ್ಲ, ವಿಳಾಸ ಹೇಳಿದ. ಆಟೋದವನು ಮಣ್ಣು ನೋಡಿ ಗೊಣಗಿದ, ಹತ್ತಿಸಿಕೊಂಡ. ಬನಶಂಕರಿ ದೇವಸ್ಥಾನದ ಹತ್ತಿರ ಸಿಗ್ನಲ್‌ನಲ್ಲಿ ತುಂಬಾ ಹೊತ್ತು ನಿಂತೆವು. ಎರಡು ಸಲ ಗೋಣಿಯೊಳಗೆ ಕೈ ಹಾಕಿ ನೋಡಿದೆ. ತಂಪಿತ್ತು. ಮೂರನೆಯ ಸಲ ಅಷ್ಟಿರಲಿಲ್ಲ.

ಬೈರಣ್ಣನ ಅತ್ತೆ ನಾಗಲಕ್ಷ್ಮಮ್ಮನವರ ಮನೆಯ ಮುಂದೆ ನಲ್ಲಿಯ ಪಕ್ಕ ಒಂದು ಬೋಳು ಜಾಗ. ಅವರು ಗೋಣಿ ಬಿಚ್ಚಿ, ಒಂದು ಹೆಂಟೆ ಎತ್ತಿ ಮೂಗಿಗೆ ಹಿಡಿದರು.

"ನೆತ್ತಿ ಮೇಲೆ ಸೂರ್ಯ ಇರುವಾಗ ಯಾರಾದ್ರೂ ಹುಲ್ಲು ತತ್ತಾರಾ? ಓದಿದ ಹುಡುಗಿ ನೀನು," ಎಂದರು. ಹೆಂಟೆಯನ್ನು ನೆರಳಿಗಿಟ್ಟು, "ಬೈರ ಫೋನ್ ಮಾಡಿದ್ದ. ಕೂತ್ಕೋ."

"ಮೊದಲು ಇದನ್ನ ಊರಿಬಿಡೋಣಮ್ಮ."

"ನಿನ್ನ ಗಂಡ ತಗೊಂಡೋಗಿದ್ದು ಇದಕ್ಕಿಂತ ಕಮ್ಮಿ."

"ಬೆಳೆದಿದೆ. ಅಲ್ಲೂ ಇನ್ನೂ ಇದೆ."

ಅವರು ಬಟ್ಟೆ ತೊಳೆದ ನೀರಿನ ಎರಡನೇ ಬಕೆಟ್ಟನ್ನು, ಸೋಪಿಲ್ಲದ್ದನ್ನು, ನನ್ನ ಕಡೆ ತಳ್ಳಿದರು. ನಾನು ಮಣ್ಣು ಕೆದಕಿ ಒಂದೊಂದೇ ಹೆಂಟೆ ಕೂರಿಸಿ, ಅಂಗೈಯಿಂದ ಒತ್ತಿ, ನೀರು ಹಾಕಿದೆ.

"ಎರವಲು ಎಲ್ಲಾ ಬಂತಾಮ್ಮ?" ಎಂದೆ.

"ಬಂತು," ಎಂದರು.