ಸೋದರಮಾವನ ಎಲುಬು

ನಿಪ್ಪಾಣಿಯಲ್ಲಿ ಕುಸ್ತಿ ಕಲಿಸುವ ಜಾಫರಸಾಬ ವಸ್ತಾದ ಬರುತ್ತಾನೆಂದರೆ ಉಗಾರ ಖುರ್ದದ ತಾಲೀಮು ಎನ್ನುವ ಗರಡಿಮನೆಯಲ್ಲಿ ಹಿಂದಿನ ದಿನವೇ ಕಣದ ಮಣ್ಣು ಅಗೆದು, ಎಣ್ಣೆ ಮಜ್ಜಿಗೆ ಸುರಿದು ಹದ ಮಾಡುತ್ತಿದ್ದರು. ಹುಡುಗರ ಮುಂದಿನದನ್ನು ಹೇಳುವುದರಲ್ಲಿ ಅವನದೇ ಕೊನೆಯ ಮಾತು. ಹದಿನಾರರ ಹುಡುಗ ಮುಂದೆ ದೊಡ್ಡ ಪೈಲವಾನರ ಎದುರು ಜೋಡಿಯಾಗಿ ನಿಲ್ಲುತ್ತಾನೋ, ಇಲ್ಲ ಮದುವೆ ಮಾಡಿಕೊಂಡು ಹೊಟ್ಟೆ ಬೆಳೆಸುತ್ತಾನೋ ಎಂದು ನೋಡಿ ಹೇಳಿಬಿಡುತ್ತಿದ್ದ. ಹೇಳಿದ್ದು ಬಹಳ ಸಲ ನಿಜವಾಗಿತ್ತು. ನಿಜವಾಗದ್ದನ್ನು ಯಾರೂ ನೆನಪಿಟ್ಟಿರಲಿಲ್ಲ, ಅವನಂತೂ ಇಟ್ಟಿರಲಿಲ್ಲ.

ಎಂಬತ್ತಾರನೇ ಇಸವಿಯಲ್ಲಿ ಅವನು ಬಂದದ್ದು ಮಾಳಸಿದ್ದನನ್ನು ನೋಡಲು. ಊರಿನ ಸಕ್ಕರೆ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ಬಾಬಾಸಾಹೇಬನ ಒಬ್ಬನೇ ಮಗ. ರಾಯಬಾಗದಿಂದ ಕಾಗವಾಡದವರೆಗೆ ಅವನ ವಯಸ್ಸಿನ ಹುಡುಗರ್ಯಾರೂ ಅವನ ಬೆನ್ನಿಗೆ ಮಣ್ಣು ಹಚ್ಚಿರಲಿಲ್ಲ. ಊರವರಿಗಂತೂ ಈಗಲೇ ಹುಲಿ ಹಡೆದಷ್ಟು ಖುಷಿ. ಜಾಫರಸಾಬ ಮಾತ್ರ ಅದಕ್ಕೆ ತಲೆಯಾಡಿಸಲಿಲ್ಲ. ಚಿಕ್ಕವರಲ್ಲಿ ಗೆಲ್ಲುವುದನ್ನು ಅವನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಕೆಲವರಿಗೆ ಮೀಸೆ ಬೇಗ ಬರುತ್ತದೆ, ಅವರು ಮೀಸೆ ಬರದವರನ್ನು ಕೆಡವುತ್ತಾರೆ, ಆಮೇಲೆ ಎಲ್ಲರಿಗೂ ಮೀಸೆ ಬಂದ ಮೇಲೆ ಮಣ್ಣು ಮುಕ್ಕುತ್ತಾರೆ ಎನ್ನುತ್ತಿದ್ದ. ಅವನು ಹುಡುಗನ ಮಣಿಕಟ್ಟು ಹಿಡಿದು ನೋಡಿದ, ಹೆಗಲು ಒತ್ತಿದ, ಪಾದ ಎತ್ತಿಸಿ ನೋಡಿದ. ಕಡೆಗೆ ಮನೆಗೆ ಬಂದು ಕೂತು, ಚಹಾ ಕುಡಿದು, ಹುಡುಗನ ಸೋದರಮಾವನನ್ನು ನೋಡಬೇಕು ಎಂದ.

ಅವನ ಪದ್ಧತಿಯೇ ಅದು. ಹುಡುಗನಿಗೆ ಎಲುಬು ಬರುವುದು ತಾಯಿಯ ತವರಿನಿಂದ, ಸೋದರಮಾವ ಎಷ್ಟು ಎತ್ತರವೋ ಎಷ್ಟು ಅಗಲವೋ ಅಳಿಯನೂ ಅಷ್ಟಾಗುತ್ತಾನೆ ಎಂದು ಅವನ ವಸ್ತಾದ ಅವನಿಗೆ ಕಲಿಸಿದ್ದ. ಮಾವ ದೊಡ್ಡ ಆಳಾದರೆ ಹುಡುಗನಿಗೆ ತುಪ್ಪ, ಬಾದಾಮಿ, ಹಾಲು ಹೊಯ್ದು ಮಣ್ಣಿನ ಕಣದ ದೊಡ್ಡ ಕುಸ್ತಿಗೆ ತಯಾರು ಮಾಡುವುದು. ಮಾವ ಗಿಡ್ಡನಾದರೆ ತಿನ್ನುವ ಖುರಾಕು ಬಿಗಿ ಹಿಡಿದು, ಕಡಿಮೆ ತೂಕದಲ್ಲೇ ಇಟ್ಟು, ಸರ್ಕಾರದವರು ಹಾಸುವ ಮ್ಯಾಟಿನ ಮೇಲೆ ಆಡಿಸುವುದು. ಎರಡರಲ್ಲೂ ಹೆಸರು ಮಾಡಬಹುದು. ಆದರೆ ಹಾದಿ ಬೇರೆ, ಒಂದು ಹಾದಿ ಹಿಡಿದ ಮೇಲೆ ಇನ್ನೊಂದಕ್ಕೆ ಬರುವುದು ಕಷ್ಟ.

ಒಳಗೆ ರೊಟ್ಟಿ ಬಡಿಯುತ್ತಿದ್ದ ಬಾಬಾಸಾಹೇಬನ ಹೆಂಡತಿ ಸಕ್ಕುಬಾಯಿಯ ಕೈ ನಿಂತಿತು.

ಮಾಳಸಿದ್ದ ಅವಳು ಹಡೆದ ಮಗನಲ್ಲ. ಬಾಬಾಸಾಹೇಬನ ಮೊದಲ ಹೆಂಡತಿ ದಿಗ್ಗೇವಾಡಿಯ ಕೆಂಚವ್ವ. ಕೂಸಿಗೆ ಹಲ್ಲು ಬರುವ ಮುಂಚೆ ಜ್ವರ ಬಂದು ತೀರಿಕೊಂಡಳು. ಎರಡನೆಯವಳಾಗಿ ಏಕಸಂಬಿಯಿಂದ ಬಂದ ಸಕ್ಕುಬಾಯಿಯ ಮಡಿಲಿಗೆ ಮದುವೆಯ ಅರಿಷಿಣ ಮಾಸುವ ಮೊದಲೇ ಕೂಸು ಬಿತ್ತು. ಸತ್ತವಳ ತವರಿನವರು ನಿಮ್ಮ ಮನೆಯಲ್ಲೇ ನಮ್ಮ ಹುಡುಗಿ ಸತ್ತಳು ಎಂದು ಜಗಳ ತೆಗೆದು ಸಂಬಂಧ ಮುರಿದುಕೊಂಡರು. ಅದೇ ವರ್ಷ ಗಂಡ ಹೆಂಡತಿ ಉಗಾರಕ್ಕೆ ಬಂದರು. ಊರು ಬದಲಾಯಿತು, ಹಳೆಯ ಸುದ್ದಿ ಹಿಂದೆ ಬರಲಿಲ್ಲ. ಸಕ್ಕುಬಾಯಿಗೆ ಆಮೇಲೆ ಮಕ್ಕಳಾಗಲಿಲ್ಲ. ಹುಡುಗನಿಗೆ ಹೇಳಬೇಕು ಎಂದು ಬಾಬಾಸಾಹೇಬ ಒಂದೆರಡು ಸಲ ಬಾಯಿ ತೆರೆದಿದ್ದ. ಹೇಳಿದರೆ ನಾ ಕೃಷ್ಣಾ ನದಿ ನೋಡಿಕೊಳ್ಳುತ್ತೇನೆ ಎಂದು ಅವಳು ಅಂದ ಮೇಲೆ ಮುಚ್ಚಿದ.

ಕೆಂಚವ್ವನ ತಮ್ಮ ಸಿದರಾಯ ಪ್ರತಿ ಹಂಗಾಮಿಗೆ ಕಬ್ಬಿನ ಗಾಡಿ ಹೊಡೆದುಕೊಂಡು ಇದೇ ಫ್ಯಾಕ್ಟರಿಗೆ ಬರುತ್ತಿದ್ದ. ಗಾಡಿಗಳ ಸಾಲಿನಲ್ಲಿ ಅವನನ್ನು ಕಂಡರೆ ಸಕ್ಕುಬಾಯಿ ಸೆರಗು ಮುಂದಕ್ಕೆ ಎಳೆದುಕೊಂಡು ಬೇರೆ ಓಣಿ ಹಿಡಿಯುತ್ತಿದ್ದಳು. ಅವನು ಗಿಡ್ಡ. ಎತ್ತಿನ ಕೊರಳಿನ ಹಿಂದೆ ನಿಂತರೆ ಕಾಣಿಸುತ್ತಿರಲಿಲ್ಲ.

ವಸ್ತಾದ ಕೇಳಿದ್ದಕ್ಕೆ ಅವಳು ಒಳಗಿನಿಂದಲೇ ಆಗಲಿ ಎಂದಳು. ಮರುವಾರ ಏಕಸಂಬಿಯಿಂದ ತನ್ನ ಖಾಸಾ ಅಣ್ಣ ಲಗಮಣ್ಣನನ್ನು ಕರೆಸಿದಳು. ಲಗಮಣ್ಣ ಬಾಗಿಲಿಗೆ ತಲೆ ಬಗ್ಗಿಸಿಯೇ ಒಳಗೆ ಬರಬೇಕಾದ ಆಳು. ಜಾಫರಸಾಬ ಅವನನ್ನು ನಿಲ್ಲಿಸಿ, ಸುತ್ತ ತಿರುಗಿ, ಎತ್ತಿನ ಬಜಾರದಲ್ಲಿ ನೋಡಿದಂತೆ ಬೆನ್ನು ತಟ್ಟಿ ನೋಡಿದ. ಮುಖ ಅರಳಿತು. ಹುಡುಗ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಮಾವನನ್ನೂ ಅವ್ವನನ್ನೂ ನೋಡುತ್ತಿದ್ದ. ಬಾಬಾಸಾಹೇಬ ನೆಲ ನೋಡುತ್ತ ಕೂತಿದ್ದ.

“ಇನ್ನ ಐದಾರ ವರ್ಷದಾಗ ಇವನ್ನ ಹಿಡ್ಯಾವ ಈ ಸೀಮ್ಯಾಗ ಇರಂಗಿಲ್ಲ. ಎಲಬ ಬರತೈತಿ, ನಾವು ಮಾಂಸ ಹಚ್ಚಬೇಕಷ್ಟ,” ಎಂದ ಜಾಫರಸಾಬ.

ಲಗಮಣ್ಣನಿಗೆ ಹೋಳಿಗೆ ಮಾಡಿ ಬಡಿಸಿದ್ದಾಯಿತು. ಅವನು ಹೋಗುವಾಗ ಬಸ್ ಸ್ಟ್ಯಾಂಡಿನಲ್ಲಿ, ಇದು ಸರಿಯಲ್ಲ ತಂಗಿ ಎಂದ. ಅವಳು ಕೇಳಿಸದವಳಂತೆ ನಿಂತಳು. ಆ ದಿನದಿಂದ ಅವಳೊಳಗೆ ಏನೋ ಮರಗಟ್ಟಿತು. ಹೆದರಿಕೆಯಾಗಿದ್ದರೆ ಒಳ್ಳೆಯದಿತ್ತು. ಹೆದರಿಕೆಯೂ ಇರಲಿಲ್ಲ. ಅಡಿಗೆ ಮಾಡಿದಳು, ಬಟ್ಟೆ ಒಗೆದಳು, ನೆರೆಮನೆಯವರು ಪೈಲವಾನನ ಅವ್ವಾ ಎಂದು ಕರೆದರೆ ಓ ಎಂದಳು.

ಮಾಳಸಿದ್ದ ನಿಪ್ಪಾಣಿಯ ತಾಲೀಮಿಗೆ ಹೋದ. ಅಲ್ಲಿ ಅವನಿಗೆ ಎರಡಾಳಿನ ಖುರಾಕು. ರಜೆಗೆ ಬಂದಾಗಲೆಲ್ಲ ಅಗಲವಾಗಿರುತ್ತಿದ್ದ, ಎತ್ತರ ಮಾತ್ರ ಎಳ್ಳಷ್ಟೂ ಏರಿರಲಿಲ್ಲ. ಅವನ ನಡಿಗೆ ಭಾರವಾಯಿತು. ಮೊದಲು ಬೆಕ್ಕಿನ ಹಾಗೆ ಕಾಲ ಸಂದಿಯಲ್ಲಿ ನುಸುಳಿ ಎದುರಾಳಿಯ ಬೆನ್ನಿಗೆ ಹೋಗುತ್ತಿದ್ದವನು ಈಗ ನಿಂತಲ್ಲೇ ನಿಂತು ತಳ್ಳಾಡುತ್ತಿದ್ದ. ಅವನ ಜೊತೆ ಬೆಳೆದ ಹುಡುಗರು ಅವನಿಗಿಂತ ಗೇಣು ಮೇಲಾದರು. ಗೆಲುವು ಕಡಿಮೆಯಾಯಿತು. ಜಾಫರಸಾಬ ಅದಕ್ಕೂ ಕಾರಣ ಹುಡುಕಿಟ್ಟಿದ್ದ. ಕೆಲವು ಎಲುಬು ತಡವಾಗಿ ಏಳುತ್ತವಂತೆ, ಲಗಮಣ್ಣನೂ ತಡವಾಗಿಯೇ ಎದ್ದಿರಬೇಕಂತೆ. ಒಂದು ಸಲ ಕಣ್ಣಾರೆ ಕಂಡ ಮಾವನನ್ನು ಆ ಮನುಷ್ಯ ತಲೆಯಿಂದ ತೆಗೆಯಲೇ ಇಲ್ಲ. ಹುಡುಗನ ಕಡೆ ಅಷ್ಟು ನೋಡಿದ್ದರೂ ಸಾಕಿತ್ತು.

ನಾಲ್ಕನೇ ವರ್ಷ ಅಥಣಿಯ ಮೈದಾನದಲ್ಲಿ ಅವನಿಗೆ ಮಲಕಾರಿ ಎನ್ನುವ ಎತ್ತರದ ಪೈಲವಾನನನ್ನು ಜೋಡಿ ಹಚ್ಚಿದರು. ಮಲಕಾರಿ ಅವನನ್ನು ಮೇಲಿನಿಂದ ಒತ್ತಿ ತಿರುವಿದಾಗ ಬಲಗಾಲಿನ ಮೊಣಕಾಲು ಒಳಕ್ಕೆ ಮಡಚಿತು. ಸದ್ದು ಹಲಗಿ ಬಾರಿಸುವವರಿಗೂ ಕೇಳಿಸಿತಂತೆ. ಮೀರಜಿನಲ್ಲಿ ಪ್ಲಾಸ್ಟರ್ ಹಾಕಿಸಿ ಮನೆಗೆ ತಂದರು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಜಾಫರಸಾಬ ಬಂದ. ಮಾಳಸಿದ್ದ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಿದ್ದ. ಕಾಲು ಎತ್ತಲು ಬರುತ್ತಿತ್ತು, ಮಡಚಲು ಬರುತ್ತಿರಲಿಲ್ಲ. ಜಾಫರಸಾಬ ಅದಕ್ಕೆ ಎಣ್ಣೆ ಹಚ್ಚಿ ನೀವಿದ, ಮುರಿದಿಲ್ಲ ಎಂದ. ಹುಡುಗನನ್ನು ತಾನು ಕರೆದುಕೊಂಡು ಹೋಗುವೆ, ಖುರಾಕು ಇನ್ನಷ್ಟು ಹೆಚ್ಚಿಸುವೆ, ಒಂದೇ ಒಂದು ವರ್ಷ ಕೊಡಿ, ಮಾವನ ಎಲುಬು ಬಂದೇ ಬರುತ್ತದೆ ಎಂದ. ಬಾಬಾಸಾಹೇಬ ಹೆಂಡತಿಯ ಮುಖ ನೋಡಿದ.

ಸಕ್ಕುಬಾಯಿ ಆ ಕಾಲನ್ನು ನೋಡುತ್ತಿದ್ದಳು. ಇನ್ನೊಂದು ವರ್ಷ ಅದರ ಮೇಲೆ ಮತ್ತಷ್ಟು ಭಾರ ಹೊರಿಸುತ್ತಾರೆ ಎಂಬುದಷ್ಟೇ ಅವಳ ತಲೆಗೆ ಹೋಯಿತು. ಅವಳು ಹೊಸ್ತಿಲ ಹತ್ತಿರ ಬಂದು ಕೂತಳು.

“ಆ ಎಲಬ ಬರಂಗಿಲ್ರಿ,” ಎಂದಳು. “ಲಗಮಣ್ಣ ಅವನ ಸೋದರಮಾವ ಅಲ್ಲರಿ. ನಾ ಇವನ್ನ ಹಡದಿಲ್ಲ.”

ಸಂತೆಗೆ ಹೋಗಿದ್ದೆ, ಬದನೆಕಾಯಿ ಸಿಗಲಿಲ್ಲ ಎನ್ನುವ ಹಾಗೆ ಹೇಳಿದಳು. ಕೆಂಚವ್ವನ ಹೆಸರು ಹೇಳಿದಳು, ದಿಗ್ಗೇವಾಡಿ ಎಂದಳು. ಅವಳ ಒಡಹುಟ್ಟಿದವನು ಎಷ್ಟು ಎತ್ತರ ಎಂದು ಜಾಫರಸಾಬ ಕೇಳಿದ. ತಮ್ಮನಿದ್ದಾನೆ, ನಿಮ್ಮ ಎದೆಮಟ್ಟ ಬರುತ್ತಾನೆ ಎಂದಳು.

“ಮದ್ಲ ಹೇಳಿದ್ರ ಇವನ್ನ ಸಣ್ಣ ತೂಕದಾಗ ಇಡತಿದ್ನಲ್ಲ ತಂಗಿ. ಕಾಲ ಉಳೀತಿತ್ತ. ಇಷ್ಟೊತ್ತಿಗೆ ರಾಜ್ಯದ ತಂಡದಾಗ ಇರತಿದ್ದ,” ಎಂದ ಅವನು. ಈಗ ಏನಾದರೂ ಮಾಡಲು ಬರುತ್ತದೆಯೇ ಎಂದು ಬಾಬಾಸಾಹೇಬ ಕೇಳಿದ. ಜಾಫರಸಾಬ ಮೊಣಕಾಲಿನ ಮೇಲಿಟ್ಟ ಕೈ ತೆಗೆದು ತನ್ನ ಧೋತರಕ್ಕೆ ಎಣ್ಣೆ ಒರೆಸಿಕೊಂಡ. ಇಲ್ಲ ಎಂದ.

ಆಗ ಎಲ್ಲರೂ ಹುಡುಗನ ಕಡೆ ತಿರುಗಿದರು. ಇಂಥ ಮಾತು ಕೇಳಿದವನು ಈಗ ಏನು ಮಾಡುತ್ತಾನೋ ಎಂದು. ಮಾಳಸಿದ್ದ ಕಾಲಿನ ಕಡೆಗೇ ನೋಡುತ್ತಿದ್ದ.

“ನಂಗ ಗೊತ್ತೈತಿ,” ಎಂದ. “ಸಿದರಾಯ ಮಾಮಾ ಗಾಡಿ ತಂದಾಗ ಹೇಳಿದ್ದ. ನೀವು ನನ್ನ ನೋಡಾಕ ಬರೂ ಮದ್ಲ.”

ಜಾಫರಸಾಬನಿಗೆ ಸಿಟ್ಟು ನೆತ್ತಿಗೇರಿತು. ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ, ಲಗಮಣ್ಣನನ್ನು ತಂದು ನಿಲ್ಲಿಸಿದಾಗಲಾದರೂ ಹೇಳಬಾರದಿತ್ತೇ, ನಾಲ್ಕು ವರ್ಷ ಎರಡಾಳಿನ ಅನ್ನ ಯಾಕೆ ತಿಂದೆ ಎಂದು ಬೈದ.

“ಅವ್ವ ಸುಮ್ನಿದ್ಲಲ್ರಿ,” ಎಂದ ಮಾಳಸಿದ್ದ. “ನಾ ಹೆಂಗ ಹೇಳ್ಲಿ?”

ಜಾಫರಸಾಬ ಎದ್ದು ಹೋದ. ಬಾಬಾಸಾಹೇಬ ಅವನನ್ನು ಬಸ್ಸಿನವರೆಗೆ ಬಿಡಲು ಹೋದ. ಸಕ್ಕುಬಾಯಿ ಅತ್ತರೆ ಹಗುರವಾದೀತು ಎಂದು ಕಾದಳು. ಅಳು ಬರಲಿಲ್ಲ. ಈ ಮಾತು ಬಾಯಿಂದ ಬಿದ್ದ ದಿನ ಮಗ ತನ್ನನ್ನು ಬಿಟ್ಟು ಎದ್ದು ಹೋಗುತ್ತಾನೆ ಎಂದುಕೊಂಡೇ ಅವಳು ಇಷ್ಟು ವರ್ಷ ಅದನ್ನು ಮುಚ್ಚಿಟ್ಟಿದ್ದಳು. ಅವನು ಎಲ್ಲಿಗೂ ಹೋಗಿರಲಿಲ್ಲ, ಅಲ್ಲೇ ಕೂತಿದ್ದ. ಹೋಗಬೇಕೆಂದರೂ ಒಬ್ಬನೇ ಎದ್ದು ನಿಲ್ಲಲು ಅವನಿಗೆ ಬರುತ್ತಿರಲಿಲ್ಲ.

“ಎಬ್ಬಸ ಯವ್ವಾ,” ಎಂದ ಸ್ವಲ್ಪ ಹೊತ್ತಿನ ಮೇಲೆ. ಅವಳು ಹೋಗಿ ಹೆಗಲು ಕೊಟ್ಟಳು.