ಬೀಗಿತ್ತಿಯ ಮುಂದೆ ಲಿಂಕನ್

ವೆರ್ಲಿನ್ ಟೋಲೆಫ್ಸನ್ ಐದಡಿ ಏಳಿಂಚಿನ ಆಳು. ಅಬ್ರಹಾಂ ಲಿಂಕನ್ ಇದ್ದದ್ದು ಆರಡಿ ನಾಲ್ಕಿಂಚು. ಈ ಕೊರತೆಯನ್ನು ವೆರ್ಲಿನ್ ಇಪ್ಪತ್ತೆರಡು ವರ್ಷಗಳಿಂದ ದಪ್ಪ ಹಿಮ್ಮಡಿಯ ಬೂಟಿನಿಂದ, ಕೊಳವೆಯಂಥ ಕರಿ ಟೋಪಿಯಿಂದ, ಅದೂ ಸಾಲದಾದಾಗ ಬರೀ ಗತ್ತಿನಿಂದ ತುಂಬಿಸಿಕೊಂಡು ಬಂದಿದ್ದ. ಲಿಂಕನ್ ಹುಟ್ಟಿದ ತಿಂಗಳಾದ ಫೆಬ್ರವರಿ ಬಂತೆಂದರೆ ದಕ್ಷಿಣ ಮಿನ್ನೆಸೋಟದ ಶಾಲೆ, ಗ್ರಂಥಾಲಯ, ವೃದ್ಧಾಶ್ರಮಗಳಿಗೆಲ್ಲ ಅವನೇ ಲಿಂಕನ್. ಉಳಿದ ಹನ್ನೊಂದು ತಿಂಗಳು ಮನೆಯ ಪಕ್ಕದ ಶೆಡ್ಡಿನಲ್ಲಿ ಟ್ರಾಕ್ಟರ್ ರಿಪೇರಿ.

ಈ ವೇಷದವರಿಗೂ ಕಟ್ಟಳೆಗಳಿವೆ. ಟೋಪಿ ತಲೆಯ ಮೇಲಿರುವ ತನಕ ನೀನು ಲಿಂಕನ್. ಅದು ಕೈಗೆ ಬಂದರೆ ನೀನು ನೀನೇ. ಲಿಂಕನ್ ಆಡದ ಮಾತನ್ನು ಅವನ ಬಾಯಿಗೆ ತುರುಕಕೂಡದು. ವೆರ್ಲಿನ್ ಚರ್ಚಿನ ಹತ್ತು ಕಟ್ಟಳೆಗಳಲ್ಲಿ ಒಂದೆರಡನ್ನು ಮುರಿದಿದ್ದಾನು, ಇವೆರಡನ್ನು ಮುರಿದವನಲ್ಲ.

ಅಂಥವನು ಈ ವರ್ಷ ಫೆಬ್ರವರಿ ಹತ್ತಿರ ಬಂದರೂ ಗಡ್ಡಕ್ಕೆ ಬಣ್ಣ ಹಚ್ಚದೆ ಕೂತಿದ್ದ. ಕಾರಣ ಒಂಬತ್ತು ವರ್ಷದ ಮೊಮ್ಮಗಳು ಅಡೀಲ್. ಪ್ರತಿ ಶನಿವಾರ ಶೆಡ್ಡಿಗೆ ಬಂದು ಸ್ಪ್ಯಾನರುಗಳನ್ನು ಅಳತೆಯ ಪ್ರಕಾರ ಜೋಡಿಸಿಡುತ್ತಿದ್ದ ಹುಡುಗಿ ಐದು ಶನಿವಾರಗಳಿಂದ ಪತ್ತೆಯಿಲ್ಲ. ಮಗಳು ಗ್ರೆಚೆನ್ ಮದುವೆಯಾಗಿದ್ದು ಆ ನಾಡಿನ ಮೂಲನಿವಾಸಿಗಳಾದ ಡಕೋಟ ಜನರ ಹುಡುಗನನ್ನು. ಅಡೀಲ್ ಓದುತ್ತಿದ್ದುದೂ ಅವರದೇ ಶಾಲೆಯಲ್ಲಿ. ಸಾವಿರದ ಎಂಟುನೂರ ಅರವತ್ತೆರಡರ ಡಿಸೆಂಬರ್ ಇಪ್ಪತ್ತಾರರಂದು, ಡಕೋಟ ಜನರಿಗೂ ಸರ್ಕಾರಕ್ಕೂ ನಡೆದ ಯುದ್ಧದ ಕೊನೆಗೆ, ಲಿಂಕನ್ನನ ಆಜ್ಞೆಯಂತೆ, ಮ್ಯಾಂಕೇಟೋ ಪಟ್ಟಣದಲ್ಲಿ ಮೂವತ್ತೆಂಟು ಡಕೋಟ ಗಂಡಸರನ್ನು ಒಂದೇ ಸಲಕ್ಕೆ ಗಲ್ಲಿಗೇರಿಸಿದ್ದರು. ಈ ಡಿಸೆಂಬರಿನಲ್ಲಿ ಅಡೀಲಳ ತರಗತಿಗೆ ಆ ಪಾಠ ಬಂತು. ಯಾರೋ ಒಬ್ಬಳು, "ನಿಮ್ಮ ತಾತ ಅವನ ಥರಾನೇ ವೇಷ ಹಾಕ್ತಾನಲ್ಲ?" ಎಂದಳು. ಅಷ್ಟೇ. ಅಡೀಲ್ ಮನೆಗೆ ಬಂದು, "ನಾನು ಆ ಮನೆಗೆ ಹೋಗಲ್ಲ" ಎಂದು ಬಾಗಿಲು ಹಾಕಿಕೊಂಡಿದ್ದಳು.

"ಸೈನ್ಯದೋರು ಮುನ್ನೂರ ಮೂರು ಜನಕ್ಕೆ ಮರಣದಂಡನೆ ಹಾಕಿ ಪಟ್ಟಿ ಕಳಿಸಿದ್ರು ಕಣೇ," ವೆರ್ಲಿನ್ ಅಡುಗೆಮನೆಯಲ್ಲಿ ಹೆಂಡತಿಯ ಮುಂದೆ ಹಾರಾಡಿದ. "ಇನ್ನೂರ ಅರವತ್ತೈದು ಜನರನ್ನ ಉಳಿಸಿದ್ದು ಯಾರು? ಅವನೇ ತಾನೇ?"

"ಮಿಕ್ಕ ಮೂವತ್ತೆಂಟು?" ಆರ್ಡಿಸ್ ಕಾಫಿ ಬಗ್ಗಿಸುತ್ತ ಕೇಳಿದಳು.

"ಅದು ಬೇರೆ ವಿಷಯ."

"ಯಾರಿಗೆ ಬೇರೆ?"

ವೆರ್ಲಿನ್ನನಿಗೆ ಸಿಟ್ಟು ನೆತ್ತಿಗೇರಿತು.

"ನನ್ ಹತ್ರ ಕೂಗಾಡಿ ಏನ್ ಬಂತು? ಬೀಗಿತ್ತಿಗೆ ಫೋನ್ ಮಾಡಿ," ಎಂದಳು ಆರ್ಡಿಸ್.

ಬೀಗಿತ್ತಿ ಯೂನಿಸ್ ಬ್ಲೂಸ್ಟೋನ್ ಅದೇ ಶಾಲೆಯಲ್ಲಿ ಡಕೋಟ ಭಾಷೆ ಕಲಿಸುವವಳು. ಹತ್ತು ವರ್ಷದ ಬೀಗತನದಲ್ಲಿ ಇವರಿಬ್ಬರು ಹಿಮ, ಮಂಜು, ರಸ್ತೆಯ ಸ್ಥಿತಿ ಬಿಟ್ಟು ಇನ್ನೇನೂ ಮಾತಾಡಿದವರಲ್ಲ. ತಪ್ಪು ವೆರ್ಲಿನ್ನನದೇ. ಮಕ್ಕಳ ಮದುವೆಗೆ ಚಿನ್ನದ ಕಟ್ಟು ಹಾಕಿಸಿದ ಲಿಂಕನ್ ಪಟವನ್ನು ಉಡುಗೊರೆ ಕೊಟ್ಟ ಮಹಾನುಭಾವ ಅವನು. ಯೂನಿಸ್ ಅವತ್ತು ಅದನ್ನು ಗೋಡೆಯ ಕಡೆ ಮುಖಮಾಡಿ ಇಟ್ಟಿದ್ದಳು. ಬಣ್ಣ ಒಣಗಿಲ್ಲವೇನೋ ಎಂದುಕೊಂಡು ಈತ ಸುಮ್ಮನಾಗಿದ್ದ.

"ಮಗು ನನ್ನ ಹತ್ರ ಬರ್ತಿಲ್ಲ," ಎಂದ ವೆರ್ಲಿನ್ ಫೋನಿನಲ್ಲಿ. ಬೇರೆ ಪೀಠಿಕೆ ತೋಚಲಿಲ್ಲ. "ನಾನು ಶಾಲೆಗೆ ಬಂದು ಒಂದೆರಡು ಮಾತಾಡ್ಲಾ? ವೇಷ ಬೇಡ. ಹೀಗೇ ಬರ್ತೀನಿ."

"ವೇಷ ಹಾಕ್ಕೊಂಡೇ ಬನ್ನಿ ಬೀಗರೇ," ಎಂದಳು ಯೂನಿಸ್. "ಗುರುವಾರ, ಹತ್ತು ಗಂಟೆಗೆ."

ಗುರುವಾರ ಇಪ್ಪತ್ತು ಮಕ್ಕಳ ಮುಂದೆ ಲಿಂಕನ್ ನಿಂತ. ಮರದ ದಿಮ್ಮಿಗಳ ಗುಡಿಸಲು, ಬೆಂಕಿಯ ಬೆಳಕಿನ ಓದು, ಗುಲಾಮರ ಬಿಡುಗಡೆ, ಎಲ್ಲ ಆಯಿತು. ಇಪ್ಪತ್ತೆರಡು ವರ್ಷದಿಂದ ತಪ್ಪದೆ ನಗಿಸಿದ್ದ ಹಾಸ್ಯಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಎರಡನೆಯ ಸಾಲಿನಲ್ಲಿ ಕೂತಿದ್ದ ಅಡೀಲ್ ತನ್ನ ಬೂಟಿನ ಲೇಸನ್ನೇ ನೋಡುತ್ತಿದ್ದಳು.

"ಪ್ರೆಸಿಡೆಂಟರೇ, ಮ್ಯಾಂಕೇಟೋ ವಿಷಯ ಬಿಟ್ಟೇಬಿಟ್ರಲ್ಲ," ಎಂದಳು ಹಿಂದೆ ನಿಂತಿದ್ದ ಯೂನಿಸ್.

ಈ ಪ್ರಶ್ನೆಗೆ ವೇಷದವರೆಲ್ಲರ ಬಳಿಯೂ ಸಿದ್ಧ ಉತ್ತರವೊಂದಿರುತ್ತದೆ. ವೆರ್ಲಿನ್ನನ ಬಾಯಿ ಅವನನ್ನು ಕೇಳದೆಯೇ ಶುರುಮಾಡಿತು: "ಇಡೀ ನಾಡು ರಕ್ತ ಬೇಕು ಅಂತಿತ್ತು. ನಾನು ಒಬ್ಬೊಬ್ಬನ ವಿಚಾರಣೆಯ ಕಾಗದವನ್ನೂ ತರಿಸಿ ನೋಡಿದೆ. ಇನ್ನೂರ ಅರವತ್ತೈದು ಜೀವಗಳನ್ನು ಉಳಿಸಿದೆ!" ಎಂದು ಕೈಯೆತ್ತಿ ನಿಂತ.

ನಿಂತದ್ದು ಚಪ್ಪಾಳೆಗೆ. ಎಲ್ಲ ಊರಿನಲ್ಲೂ ಇಲ್ಲಿ ಚಪ್ಪಾಳೆ ಬೀಳುತ್ತಿತ್ತು. ಗಲ್ಲಿಗೇರಿದವರ ವಂಶದ ಮಕ್ಕಳ ಮುಂದೆ, ಎತ್ತಿದ ಕೈ ಎತ್ತಿದಂತೆಯೇ, ಆ ಮನುಷ್ಯ ಚಪ್ಪಾಳೆಗಾಗಿ ಕಾದ. ಮಕ್ಕಳ ಕೈಗಳು ತೊಡೆಯ ಮೇಲೇ ಇದ್ದವು. ತಾನೇನು ಮಾಡಿದೆನೆಂದು ತಿಳಿದಾಗ ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಟೋಪಿ ತೆಗೆದ.

"ಯೂನಿಸ್, ನಾನು…"

"ಟೋಪಿ ಹಾಕ್ಕೊಳ್ಳಿ."

"ಅಲ್ಲ, ನಾನು ವೆರ್ಲಿನ್ ಆಗಿ ಹೇಳ್ತಿದೀನಿ…"

"ವೆರ್ಲಿನ್ ಮೇಲೆ ನಂಗೇನ್ ದೂರು? ಟ್ರಾಕ್ಟರ್ ಚೆನ್ನಾಗಿ ರಿಪೇರಿ ಮಾಡ್ತಾರೆ," ಎಂದಳು ಯೂನಿಸ್. ಧ್ವನಿ ಏರಲಿಲ್ಲ. "ಇಪ್ಪತ್ತೆರಡು ವರ್ಷ ಆ ಟೋಪಿಗೆ ಬಂದ ಮರ್ಯಾದೆ ತಗೊಂಡ್ರಿ. ಇವತ್ತು ಅದಕ್ಕೆ ಬರೋ ಮಾತೂ ಕೇಳಿಸ್ಕೊಳ್ಳಿ. ಅಡೀಲ್, ಎದ್ದು ಓದು."

ಅಡೀಲ್ ಎದ್ದಳು. ಕೈಯಲ್ಲೊಂದು ಹಾಳೆ. ಮೂವತ್ತೆಂಟು ಡಕೋಟ ಹೆಸರುಗಳನ್ನು ಒಂದೊಂದಾಗಿ ಓದತೊಡಗಿದಳು. ಎರಡು ಕಡೆ ತೊಡರಿದಳು. ಅಜ್ಜಿ ನೆರವಿಗೆ ಬರಲಿಲ್ಲ, ಹುಡುಗಿ ತಾನೇ ಆ ಹೆಸರಿಗೆ ಹಿಂದಿರುಗಿ ಸರಿಮಾಡಿಕೊಂಡಳು. ವೆರ್ಲಿನ್ ಟೋಪಿ ಹಾಕಿಕೊಂಡು ನಿಂತೇ ಇದ್ದ. ಎತ್ತರದ ಹಿಮ್ಮಡಿಯಲ್ಲಿ ಕಾಲು ಸೇದುತ್ತಿತ್ತು. ಸಂಖ್ಯೆ ಅವನಿಗೆ ಬಾಯಿಪಾಠ. ಹೆಸರು ಒಂದೂ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ತಿಳಿಯಬೇಕೆಂದು ಕೂಡ ಅನ್ನಿಸಿರಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಓದಿ ಮುಗಿಸಿ ಅಡೀಲ್ ಮೊದಲ ಸಲ ಅವನ ಮುಖ ನೋಡಿದಳು. "ಈ ಹೆಸರನ್ನೆಲ್ಲ ನೀವೇ ನಿಮ್ಮ ಕೈಯಾರೆ ಬರೆದ್ರಂತೆ. ನಿಜಾನಾ?"

"ನಿಜ."

"ಬರೆಯೋವಾಗ ಏನನ್ನಿಸ್ತು?"

ಲಿಂಕನ್ನನಿಗೆ ಏನನ್ನಿಸಿತೋ ಯಾವ ಪುಸ್ತಕದಲ್ಲೂ ವೆರ್ಲಿನ್ ಓದಿರಲಿಲ್ಲ. ಗೊತ್ತಿಲ್ಲವೆಂದು ಜಾರಿಕೊಳ್ಳಬಹುದಿತ್ತು. ಜಾರಿಕೊಂಡರೆ ಈ ಹುಡುಗಿ ಮತ್ತೆ ಬೂಟಿನ ಕಡೆ ನೋಡುತ್ತಾಳೆ, ಆಮೇಲೆ ತನ್ನತ್ತ ನೋಡುವುದೇ ಇಲ್ಲ. ಅದೂ ಅವನಿಗೆ ಗೊತ್ತಿತ್ತು.

"ಬರೆದೆ ಮಗು," ಎಂದ. "ಬರೆದೆ ಅಷ್ಟೇ. ಯಾರೂ ನನ್ನೆದುರು ನಿಂತು ಓದಿ ಹೇಳ್ಲಿಲ್ಲ. ಇವತ್ತೇ ಕೇಳಿದ್ದು. ಇನ್ನೊಂದ್ಸಲ ಓದ್ತೀಯಾ?"

ಲಿಂಕನ್ ಎಂದೂ ಆಡದ ಮಾತು. ಇಪ್ಪತ್ತೆರಡು ವರ್ಷದ ಕಟ್ಟಳೆ ಮುರಿದುಬಿತ್ತು.

ಅಡೀಲ್ ಅಜ್ಜಿಯ ಕಡೆ ನೋಡಿದಳು. ಅಜ್ಜಿ ತಲೆಯಾಡಿಸಿದಳು. ಎರಡನೆಯ ಸಲ ಮಿಕ್ಕ ಮಕ್ಕಳೂ ದನಿಗೂಡಿಸಿದರು.

ಮಧ್ಯಾಹ್ನ ಶಾಲೆಯ ಊಟದ ಮನೆಯಲ್ಲಿ ಕಾಡಕ್ಕಿಯ ಸೂಪು, ಕರಿದ ರೊಟ್ಟಿ. ವೆರ್ಲಿನ್ ಬೀಗಿತ್ತಿಯ ಎದುರು ಕೂತು, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು, ಎದೆಯಲ್ಲಿದ್ದದ್ದನ್ನು ಕೇಳಿಯೇಬಿಟ್ಟ. "ನೀವೇ ಹೇಳಿ. ಅವನು ದೊಡ್ಡ ಮನುಷ್ಯ ಹೌದೋ ಅಲ್ವೋ?"

"ನಿಮ್ಗಿಂತ ಒಂಬತ್ತಿಂಚು ದೊಡ್ಡೋನು," ಎಂದಳು ಯೂನಿಸ್. ಪಕ್ಕದ ಅಡುಗೆಯವಳು ಕಿಸಕ್ಕನೆ ನಕ್ಕಳು. ಯೂನಿಸ್ ನಗಲಿಲ್ಲ. "ಮುನ್ನೂರ ಮೂರು ಜನಾನೂ ನೇಣಿಗೆ ಹಾಕಿ ಅಂತ ಬೊಬ್ಬೆ ಹೊಡೆದ್ರಲ್ಲ, ಅವರನ್ನ ಕೇಳೋಕೆ ನನ್ ಹತ್ರ ಏನೂ ಇಲ್ಲ ಬೀಗರೇ. ಕಲ್ಲಿನ ಹತ್ರ ಏನ್ ಕೇಳೋದು? ಇವನು ಕಾಗದ ಬಿಚ್ಚಿ ನೋಡ್ದ. ನೋಡಿದವನು ಇಷ್ಟಕ್ಕೇ ಯಾಕೆ ನಿಂತ ಅಂತ ಕೇಳ್ಬಹುದು. ಆ ಗುಲಾಮರನ್ನ ಬಿಡಿಸಿದ ಕೈನೇ ಇದನ್ನೂ ಬರೆದದ್ದು. ಒಂದಕ್ಕೆ ಇನ್ನೊಂದನ್ನ ಕಳೆಯೋಕೆ ನಂಗೆ ಬರಲ್ಲ. ದೊಡ್ಡೋರು ಅನ್ನಿಸ್ಕೊಂಡ್ಮೇಲೆ ಕೇಳಿಸ್ಕೋಬೇಕು. ತಿನ್ನಿ, ರೊಟ್ಟಿ ಆರೋಗತ್ತೆ."

ವೆರ್ಲಿನ್ ತಿಂದ. ತುಂಬ ರುಚಿಯಾಗಿತ್ತು. ಅಡೀಲ್ ಮಾತ್ರ ಅವನ ಮೇಜಿಗೆ ಬರಲಿಲ್ಲ, ಗೆಳತಿಯರ ಜೊತೆಗೇ ಕೂತಿದ್ದಳು. ಆಸೆಗೂ ಒಂದು ಮಿತಿ ಬೇಕಲ್ಲ ಎಂದುಕೊಂಡು ಮನೆಗೆ ಹೊರಟ.

ಮುಂದಿನ ವಾರ ಊರಿನ ಗ್ರಂಥಾಲಯದಲ್ಲಿ ಎಂದಿನ ಕಾರ್ಯಕ್ರಮ. ಇನ್ನೂರ ಅರವತ್ತೈದರ ಮಾತಿಗೆ ಚಪ್ಪಾಳೆ ಶುರುವಾಯಿತು. ಲಿಂಕನ್ ಕೈಯೆತ್ತಿ ಅದನ್ನು ತಡೆದ. "ನಿಲ್ಲಿ, ಮುಗಿದಿಲ್ಲ. ಉಳಿಸದೇ ಇದ್ದವರದ್ದೂ ಇದೆ," ಎಂದು ಕೋಟಿನ ಜೇಬಿನಿಂದ ಹಾಳೆ ತೆಗೆದ. ಜನ ಮುಖಮುಖ ನೋಡಿಕೊಂಡರು. ಒಬ್ಬಿಬ್ಬರು ಎದ್ದು ಹೋದರು. ಮೊದಲ ಎರಡು ಹೆಸರು ಹೇಗೋ ದಾಟಿತು. ಮೂರನೆಯದಕ್ಕೆ ನಾಲಿಗೆ ಹೊರಳಲೇ ಇಲ್ಲ. ಒದ್ದಾಡಿದ, ಬೆವರಿದ, ಮತ್ತೆ ಒದ್ದಾಡಿದ.

"ಹಾಗಲ್ಲ ತಾತ," ಎಂದಿತು ಹಿಂದಿನ ಸಾಲಿನಿಂದ ಒಂದು ದನಿ. ಅಡೀಲ್ ಅಮ್ಮನ ಪಕ್ಕದಿಂದ ಎದ್ದು, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಮುಂದೆ ಬರುತ್ತಿದ್ದಳು. "ನಿಧಾನಕ್ಕೆ. ನನ್ ಜೊತೆ ಹೇಳು."